ಮಗು ‘ಒಲ್ಲೆ’ ಅಂದರೂ ದಿನ ಕೆಡದ ಜಾಗ ಯಾವುದು?

ರಜೆ ಹತ್ತಿರ ಬಂತೆಂದರೆ ಬೆಳಗಾವಿ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗುವುದೋ, ಪುಣೆ ದಾಟಿ ಖೋಪೋಲಿಯ ಇಮ್ಯಾಜಿಕಾಗೆ ಹೋಗುವುದೋ? ವಿಜಯಪುರದವರಾದರೆ ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿಯೂ ಪಟ್ಟಿಗೆ ಸೇರುತ್ತದೆ. ಎಲ್ಲಿ ರೈಡ್ ಜಾಸ್ತಿ, ಎಲ್ಲಿ ಟಿಕೆಟ್ ಕಮ್ಮಿ ಅಂತ ಲೆಕ್ಕ ನಡೆಯುತ್ತದೆ. ಮಕ್ಕಳು ಹತ್ತು ಹನ್ನೆರಡು ವರ್ಷ ದಾಟಿದ್ದರೆ ಆ ಲೆಕ್ಕ ಸರಿ. ಮನೆಯಲ್ಲಿರುವುದು ನಾಲ್ಕೈದು ವರ್ಷದ, ಜೋಕಾಲಿ ಸ್ವಲ್ಪ ಜೋರಾದರೂ “ಅವ್ವಾ, ನಾ ಒಲ್ಲೆ” ಅನ್ನುವ ಕೂಸಾದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಂಥ ಮಗುವಿಗೆ ಪಾರ್ಕ್‌ನಲ್ಲಿ ಅರವತ್ತು ರೈಡ್ ಇದ್ದರೇನು, ನೂರಿದ್ದರೇನು?

ನಾನು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅಷ್ಟು ದೂರ ಹೋದ ಮೇಲೆ ಮಗು ಒಂದನ್ನೂ ಹತ್ತಲಿಲ್ಲ ಅಂತಿಟ್ಟುಕೊಳ್ಳಿ. ಆಗ ದಿನದಲ್ಲಿ ಏನು ಉಳಿಯುತ್ತದೆ? ಕೈಯಿಂದ ಎಷ್ಟು ದುಡ್ಡು ಹೋಗಿರುತ್ತದೆ? ಮಗುವಿನ ‘ಒಲ್ಲೆ’ಗೆ ಎಲ್ಲಿ ಖರ್ಚು ಕಮ್ಮಿಯೋ ಆ ಜಾಗ ಮೊದಲು, ಎಲ್ಲಿ ಜಾಸ್ತಿಯೋ ಅದು ಕೊನೆಗೆ. ಈ ಬರಹ ಪೂರ್ತಿ ಅದೇ ಲೆಕ್ಕದ ಮೇಲೆ ನಿಂತಿದೆ.

ಅಂಜಿಕೆ ಯಾವುದರದ್ದು?

“ನಮ್ಮ ಮಗು ರೈಡ್‌ಗೆ ಅಂಜುತ್ತದೆ” ಅಂದರೆ ಅರ್ಧ ಮಾತು ಹೇಳಿದಂತೆ. ನಮ್ಮಲ್ಲೇ ಇಬ್ಬರಿದ್ದಾರೆ. ನನ್ನ ಮಗಳಿಗೆ ವೇಗ ಅಂದರೆ ಖುಷಿ, ಕತ್ತಲು ಮಾತ್ರ ಆಗದು. ಬಾಗಲಕೋಟೆಯಲ್ಲಿರುವ ತಂಗಿಯ ಮಗ ಕತ್ತಲಲ್ಲಿ ಆರಾಮಾಗಿ ಕೂರುತ್ತಾನೆ, ಸ್ಪೀಕರ್ ಜೋರಾದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ಇಬ್ಬರಿಗೂ ಒಂದೇ ಪಾರ್ಕ್ ಹೊಂದುವುದಿಲ್ಲ.

ಮೇಲಿಂದ ಕೆಳಗೆ ಜಾರುವಾಗ ಹೊಟ್ಟೆಯಲ್ಲಿ ‘ಝುಮ್’ ಅನ್ನುತ್ತದಲ್ಲ, ಕೆಲವು ಮಕ್ಕಳಿಗೆ ಅದೇ ಬೇಡ. ಅದು ಹಟ ಅಲ್ಲ. ಸೀಟು ಕೆಳಗಿಳಿಯುವ ಆ ಕ್ಷಣ ಮೈಯ ಭಾರವೇ ಇಲ್ಲದಂತಾಗುತ್ತದೆ, ಒಳಕಿವಿ “ಬೀಳುತ್ತಿದ್ದೀಯ” ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ನಮಗೆ ಅದೇ ಮಜಾ, ಮಗುವಿಗೆ ಅದು ನಿಜವಾಗಿ ಬಿದ್ದಂತೆ. ಇಂಥ ಮಗುವಿಗೆ ಸುತ್ತ ತಿರುಗುವ ಕುದುರೆ, ನಿಧಾನದ ರೈಲು, ದೋಣಿ ನಡೆಯುತ್ತವೆ. ಮೇಲೆ ಕೆಳಗೆ ಆಗುವ ಯಾವುದೂ ನಡೆಯದು. ಇನ್ನು ಕೆಲವಕ್ಕೆ ಸೀಟಿನ ಮೇಲೆ ಕಬ್ಬಿಣದ ಅಡ್ಡಪಟ್ಟಿ ಬಂದು ಕೂತ ಕೂಡಲೇ ಅಳು. ಇಳಿಯಲು ಆಗುವುದಿಲ್ಲ ಅನ್ನುವುದೇ ಅಲ್ಲಿ ಸಂಕಟ. ಮುಖಕ್ಕೆ ನೀರು ರಾಚಿದರೆ ಆಗದ ಮಕ್ಕಳು ಬೇರೆ.

ವೇಷ ಹಾಕಿದವರ ಅಂಜಿಕೆಯನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ವಂಡರ್‌ಲಾದ ಚಿಕ್ಕು, ಇಮ್ಯಾಜಿಕಾದ ಆನೆ ಟಬ್ಬಿ ಇವೆಲ್ಲ ಮಕ್ಕಳಿಗಾಗಿಯೇ ಮಾಡಿದ ಗೊಂಬೆಗಳು. ಮೂರು ವರ್ಷದ ಮಗುವಿನ ಎದುರು ಆಳೆತ್ತರದ ಗೊಂಬೆ ನಡೆದು ಬಂದು ಕೈ ಚಾಚಿದರೆ ಅದು ನಿಮ್ಮ ಕಾಲಿಗೆ ಜೋತು ಬೀಳುತ್ತದೆ. ಫೋಟೋ ಆಸೆಗೆ ಒತ್ತಾಯ ಮಾಡಿದರೆ ಮುಂದಿನ ಎರಡು ತಾಸು ಎತ್ತಿಕೊಂಡೇ ತಿರುಗಬೇಕು.

ಗೋಡೆಗೆ ನಿಲ್ಲಿಸಿ ಅಳತೆ ಮಾಡಿ

ಟಿಕೆಟ್ ನೋಡುವ ಮುಂಚೆ ಮಗುವನ್ನು ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಟೇಪು ಹಿಡಿಯಿರಿ. ದೊಡ್ಡ ಪಾರ್ಕ್‌ಗಳಲ್ಲಿ ವಯಸ್ಸಿಗಿಂತ ಎತ್ತರವೇ ಮುಖ್ಯ. ವಂಡರ್‌ಲಾದಲ್ಲಿ 85 ಸೆಂಟಿಮೀಟರ್ ಒಳಗಿದ್ದರೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ 4 ವರ್ಷದ ಮಗುವಿನ ಮಧ್ಯಮ ಎತ್ತರ ಸುಮಾರು 103 ಸೆಂಟಿಮೀಟರ್, 5 ವರ್ಷಕ್ಕೆ ಸುಮಾರು 110. ಅಂದರೆ ಮೂರು ತುಂಬಿದ ಹೆಚ್ಚಿನ ಮಕ್ಕಳಿಗೆ ಟಿಕೆಟ್ ಬಿದ್ದೇ ಬೀಳುತ್ತದೆ. ಆದರೆ ಜೋರಿನ ರೈಡ್‌ಗಳ ಬಾಗಿಲಲ್ಲಿ ಅಳತೆಪಟ್ಟಿ ನಿಂತಿರುತ್ತದೆ, ಕೆಲವಕ್ಕೆ 140 ಸೆಂಟಿಮೀಟರ್ ಆಗಲೇಬೇಕು. ಐದು ವರ್ಷದ ಮಗು ದುಡ್ಡು ಕೊಟ್ಟು ಒಳಗೆ ಬಂದು, ಅರ್ಧ ಪಾರ್ಕ್ ಹೊರಗೆ ನಿಂತು ನೋಡುತ್ತದೆ. ಉಳಿದರ್ಧದಲ್ಲಿ ಅದಕ್ಕೆ ಅಂಜಿಕೆ ಬೇರೆ.

ಇದರಲ್ಲಿ ಒಂದು ಅನುಕೂಲವೂ ಇದೆ ಅನ್ನಿ. “ನೀ ಇನ್ನೂ ಅಷ್ಟು ಎತ್ತರ ಆಗಿಲ್ಲಪ್ಪಾ, ಅವರು ಬಿಡಂಗಿಲ್ಲ” ಅಂದರೆ ಮಗುವಿನ ಮರ್ಯಾದೆ ಉಳಿಯುತ್ತದೆ. ಅಂಜುಬುರುಕ ಅಂತ ಅಣ್ಣ ಅಕ್ಕಂದಿರು ಕಾಡಿಸುವುದೂ ನಿಲ್ಲುತ್ತದೆ.

ಜಾತ್ರೆಯಲ್ಲೇ ಒಂದು ಪರೀಕ್ಷೆ

ಐದುನೂರು ಕಿಲೋಮೀಟರ್ ಹೋಗಿ ತಿಳಿದುಕೊಳ್ಳುವುದನ್ನು ಊರ ಜಾತ್ರೆಯಲ್ಲೇ ತಿಳಿಯಬಹುದು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಯಿಂದ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ, ನಡುನಡುವೆ ಊರೂರಿನ ವಸ್ತುಪ್ರದರ್ಶನ. ಇಲ್ಲಿ ಪ್ರತಿ ಆಟಕ್ಕೂ ಬೇರೆ ಚೀಟಿ. ಮಗು ಒಲ್ಲೆ ಅಂದರೆ ಹೋಗುವುದು ಒಂದು ಚೀಟಿಯ ದುಡ್ಡು, ಅಷ್ಟೇ. ಆ ಬೇಜಾರನ್ನು ಮಿರ್ಚಿ ಗಿರ್ಮಿಟ್ ಸರಿಮಾಡುತ್ತದೆ.

ಜಾತ್ರೆಯ ಮೂಲೆಯಲ್ಲಿ ಕೈಯಿಂದ ತಿರುಗಿಸುವ ಸಣ್ಣ ತೊಟ್ಟಿಲು ಇರುತ್ತದೆ, ನೋಡಿದ್ದೀರಲ್ವಾ? ನಾಲ್ಕು ಪೆಟ್ಟಿಗೆ, ಅದರ ಮೇಲೆ ಹಳದಿ ಕೆಂಪು ಬಣ್ಣ, ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಕಾಕಾ. ಮೋಟರು ಇಲ್ಲ. ಅವರು ಒಂದು ಪೆಟ್ಟಿಗೆಯನ್ನು ಕೆಳಗೆ ಜಗ್ಗಿದರೆ ಮುಂದಿನದು ಕೈಗೆ ಬರುತ್ತದೆ. ಕಣ್ಣೆಲ್ಲ ಮಕ್ಕಳ ಮುಖದ ಮೇಲೆ. ತುಟಿ ಅಲುಗಿದರೆ ಸಾಕು, ಅಂಗೈ ಅಡ್ಡ ಇಟ್ಟು ನಿಲ್ಲಿಸಿಬಿಡುತ್ತಾರೆ. ರೈಡ್‌ಗೆ ಅಂಜುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಬೇಕಾದಾಗ ಇಳಿಯಬಹುದು ಅನ್ನುವುದು ಒಮ್ಮೆ ಮನಸ್ಸಿಗೆ ಬಂದರೆ ಮುಂದಿನದಕ್ಕೆ ಧೈರ್ಯ ಬರುತ್ತದೆ.

ಹಡಗಿನಂತೆ ಹಿಂದೆ ಮುಂದೆ ತೂಗುವ ಕೊಲಂಬಸ್ ಹತ್ತುವುದಾದರೆ ನಡುವಿನ ಸಾಲಿನಲ್ಲಿ ಕೂರಿ. ತುದಿಯ ಸಾಲು ಎತ್ತರಕ್ಕೆ ಹೋಗುತ್ತದೆ, ಝುಮ್ ಅನ್ನುವುದೂ ಅಲ್ಲೇ ಜಾಸ್ತಿ. ಆದರೆ ಐದು ವರ್ಷದ ಒಳಗಿನವರನ್ನು ಕೊಲಂಬಸ್, ಬ್ರೇಕ್ ಡಾನ್ಸ್, ಟೋರಾಟೋರಾ ಹತ್ತಿಸಬೇಡಿ ಅಂತಲೇ ನಾನು ಹೇಳುವುದು. ಎಷ್ಟೋ ಜಾತ್ರೆಗಳಲ್ಲಿ ಎತ್ತರ ಅಳೆಯುವವರೇ ಇರುವುದಿಲ್ಲ. ಇನ್ನೊಂದು, ಅಡ್ಡಪಟ್ಟಿ ದೊಡ್ಡವರ ತೊಡೆಗೆ ತಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಮಗುವಿಗೂ ಪಟ್ಟಿಗೂ ನಡುವೆ ಒಂದು ಗೇಣು ಖಾಲಿ ಉಳಿಯುತ್ತದೆ. “ನಾ ಹಿಡಕೊಂಡೀನಿ” ಅಂದರೆ ಸಾಲದು, ಜೋರಾಗಿ ತಿರುಗುವಾಗ ಕೈ ಹಿಡಿತ ಸಡಿಲ ಆಗುತ್ತದೆ.

ಹತ್ತಿರದವು: ರೈಡ್ ಇಲ್ಲದ ಪಾರ್ಕ್

ಮಕ್ಕಳಿಗೆ ಬೇಕಾದದ್ದು ನಿಜವಾಗಿ ರೈಡೇ ಅಂತೇನಿಲ್ಲ. ಹೊಸ ಜಾಗ, ಓಡಲು ಬಯಲು, ಅಪ್ಪ ಅವ್ವ ಮೊಬೈಲ್ ಬಿಟ್ಟು ಜೊತೆಗಿರುವುದು, ಇಷ್ಟು ಸಿಕ್ಕರೂ ಅವು ಖುಷಿಯಾಗುತ್ತವೆ.

ವಿಜಯಪುರ, ಬಾಗಲಕೋಟೆಯವರಿಗೆ ಆಲಮಟ್ಟಿ ಇದೆ. ಅಣೆಕಟ್ಟಿನ ಪಕ್ಕದಲ್ಲಿ ರಾಕ್ ಗಾರ್ಡನ್, ಜಪಾನಿ, ಇಟಾಲಿಯನ್, ಮೊಘಲ್ ಮಾದರಿಯ ತೋಟಗಳು, ಸಂಜೆಗೆ ಸಂಗೀತ ಕಾರಂಜಿ. ಸಿಮೆಂಟಿನ ಪ್ರಾಣಿಗಳ ನಡುವೆ ಓಡಾಡಲು ಯಾವ ಎತ್ತರದ ಅಳತೆಯೂ ಇಲ್ಲ. ಬುತ್ತಿ ಕಟ್ಟಿಕೊಂಡು ಮಧ್ಯಾಹ್ನ ಮೂರರ ಮೇಲೆ ಮುಟ್ಟುವ ಹಾಗೆ ಹೊರಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಹಗಲಲ್ಲಿ ಸಿಮೆಂಟ್ ಆನೆ ಮುಟ್ಟಿದರೂ ಕೈ ಸುಡುತ್ತದೆ. ಮಳೆಗಾಲದಲ್ಲಿ ಗೇಟು ತೆಗೆದಿದ್ದರೆ ಕೃಷ್ಣೆಯ ನೀರು ನೊರೆಯಾಗಿ ಬೀಳುವುದನ್ನು ದೂರದಿಂದ ನೋಡುವುದೇ ದೊಡ್ಡ ಆಟ. ಕಾರಂಜಿಯ ಹತ್ತಿರ ಹಾಡಿನ ಸದ್ದು ಇರುತ್ತದೆ, ತಂಗಿಯ ಮಗನಂಥವರಿಗೆ ಹಿಂದಿನ ಸಾಲು.

ವಿಜಯಪುರಕ್ಕೆ ಹೋದವರೆಲ್ಲ ಗೋಲಗುಮ್ಮಟಕ್ಕೆ ಹೋಗುತ್ತಾರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ, ಹಾಗಾಗಿ ಒಲ್ಲೆ ಅಂದರೂ ನಷ್ಟ ಕಮ್ಮಿ. ಆದರೆ ಸದ್ದಿಗೆ ಅಂಜುವ ಮಗುವಿಗೆ ಪಿಸುಗುಟ್ಟುವ ಗ್ಯಾಲರಿ ಪಿಸುಗುಟ್ಟುವುದೇ ಇಲ್ಲ! ಶಾಲೆಯ ಟ್ರಿಪ್ ಬಂದಿದ್ದರೆ ಐವತ್ತು ಹುಡುಗರು ಒಟ್ಟಿಗೆ ಸೀಟಿ ಹೊಡೆಯುತ್ತಾರೆ, ಅದು ಸುತ್ತಿ ಸುತ್ತಿ ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಮೇಲಿನವರೆಗೆ ಇಕ್ಕಟ್ಟಾದ ಮೆಟ್ಟಿಲು, ಅರ್ಧದಲ್ಲಿ ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ ಅನ್ನುವುದನ್ನು ಸೊಂಟ ನೋವಿದ್ದವರು ನೆನಪಿಡಿ.

ಬೆಳಗಾವಿಯಿಂದ ಎರಡು ದಿಕ್ಕಿಗೆ ಎರಡು ಜಾಗ, ಎರಡೂ ಹೆದ್ದಾರಿಗೆ ಹತ್ತಿರ. ಕೊಲ್ಹಾಪುರ ಕಡೆ ಕನೇರಿ ಮಠದ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂ. ಹುಬ್ಬಳ್ಳಿ ದಾಟಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್. ಎರಡರಲ್ಲೂ ಹಳ್ಳಿ ಬದುಕಿನ ಆಳೆತ್ತರದ ಮೂರ್ತಿಗಳು: ಕಮ್ಮಾರ, ಕುಂಬಾರ, ಎತ್ತು, ಹೊಲ. ಗೊಟಗೋಡಿಯದನ್ನು ರೂಪಿಸಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ಇಲ್ಲಿ ಅಜ್ಜಿಯೇ ಗೈಡ್. ಬೀಸುಕಲ್ಲು, ಒನಕೆ, ಕಣ ಇವೆಲ್ಲ ಅವರು ಕೈಯಾರೆ ಬಳಸಿದ ಸಾಮಾನು. ಮಗುವಿಗಿಂತ ಅಜ್ಜಿಗೇ ಹುರುಪು ಜಾಸ್ತಿ. ವೇಷದ ಗೊಂಬೆಗೆ ಅಂಜುವ ಮಕ್ಕಳು ಇಲ್ಲಿ ಅಂಜುವುದು ಕಮ್ಮಿ, ಯಾಕೆಂದರೆ ಈ ಮೂರ್ತಿಗಳು ತಾವಾಗಿ ಹತ್ತಿರ ಬರುವುದಿಲ್ಲ. ಮಗು ತನಗೆ ಬೇಕಾದಷ್ಟೇ ಹತ್ತಿರ ಹೋಗುತ್ತದೆ.

ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯ ಬೆಳಗಾವಿಯವರಿಗೆ ಅರ್ಧ ದಿನದ ಕೆಲಸ. ಎರಡು ವರ್ಷದ ಕೂಸೂ ಹುಲಿ ನೋಡಿ ಖುಷಿಪಡುತ್ತದೆ.

ದೂರದವು: ಮೂರರಲ್ಲಿ ಯಾವುದು?

ಇಮ್ಯಾಜಿಕಾ 2013ರಲ್ಲಿ ಶುರುವಾಯಿತು. ಬೆಳಗಾವಿಯಿಂದ ಪುಣೆ ದಾಟಿ, ಖಂಡಾಳಾ ಘಾಟ್ ಇಳಿದು ಖೋಪೋಲಿ ಮುಟ್ಟಲು 400 ಕಿಲೋಮೀಟರ್‌ಗೂ ಜಾಸ್ತಿ. ಹೆದ್ದಾರಿ ಒಂದೇ ನೇರ, ಕಾರು ಇದ್ದವರಿಗೆ ಸುಲಭ ಅನ್ನಿಸುತ್ತದೆ. ಇದರ ಹೆಚ್ಚುಗಾರಿಕೆ ಕಥೆ ಕಟ್ಟಿದ ಜಾಗಗಳು, ಮೆರವಣಿಗೆ, ಟಬ್ಬಿ ಆನೆಯ ಮೇಲೆ ಕೂತು ಸುತ್ತುವಂಥ ಚಿಕ್ಕ ರೈಡ್‌ಗಳು. ವೇಗಕ್ಕೆ ಅಂಜುವ, ಆದರೆ ಬಣ್ಣ, ವೇಷ, ಕಥೆ ಇಷ್ಟಪಡುವ ಮಗುವಿಗೆ ಮೂರರಲ್ಲಿ ಇದೇ ಚೆನ್ನ. ಕತ್ತಲು, ಸದ್ದಿಗೆ ಅಂಜುವವರಿಗೆ ಇದೇ ಕಷ್ಟ. ಇಲ್ಲಿನ ಕೆಲವು ಆಟಗಳು ಕತ್ತಲ ಕೋಣೆಯೊಳಗೆ, ಬೆಂಕಿ, ಗುಡುಗು, ದೊಡ್ಡ ಪರದೆಯ ಜೊತೆ ನಡೆಯುತ್ತವೆ. ‘ಶೋ’ ಅಂತ ಬರೆದಿದೆಯಲ್ಲ, ಸುಮ್ನೆ ಕೂತು ನೋಡುವುದು ತಾನೇ ಅಂತ ಒಳಗೆ ಹೋಗಬೇಡಿ, ಬಾಗಿಲಲ್ಲಿ ನಿಂತವರನ್ನು ಒಂದು ಮಾತು ಕೇಳಿ. ವಾಟರ್ ಪಾರ್ಕ್, ಸ್ನೋ ಪಾರ್ಕ್ ಅಲ್ಲಿ ಬೇರೆ ಬೇರೆ. ಒಂದೇ ದಿನ ಎಲ್ಲ ಮುಗಿಸುವ ಆಸೆ ಸಣ್ಣ ಮಕ್ಕಳ ಜೊತೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಘಾಟ್ ಕಡೆ ಮಳೆ ಹೊಡೆತ ಹೇಗಿರುತ್ತದೆ ಅಂತ ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ.

ವಂಡರ್‌ಲಾ ಬೆಂಗಳೂರು 2005ರಿಂದ ಇದೆ. ಹೋಗುವ ದಾರಿ ಈಗ ಹಗುರ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ನಸುಕಿನಲ್ಲಿ ಹೊರಟು ಮಧ್ಯಾಹ್ನ ಮುಟ್ಟಿಸುತ್ತದೆ. ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಇಳಿದು ನೇರ ಪಾರ್ಕ್‌ಗೆ ಹೋಗುವುದು ದೊಡ್ಡವರಿಗೆ ಉಳಿತಾಯ. ನಿದ್ದೆಗೆಟ್ಟ ಮಗುವಿಗೆ ಮಾತ್ರ ಪ್ರತಿಯೊಂದೂ ಅಂಜಿಕೆ. ಮಧ್ಯಾಹ್ನ ಇಳಿದು, ಉಂಡು ಮಲಗಿ, ಮರುದಿನ ಹೋಗುವುದು ನನ್ನ ಆಯ್ಕೆ. ನೇರಳೆ ಮೆಟ್ರೊ ಚಲ್ಲಘಟ್ಟದವರೆಗೆ ಹೋಗುತ್ತದೆ, ಮುಂದೆ ಬಸ್ಸು ಅಥವಾ ಆಟೊ. ಪಾರ್ಕ್‌ಗೆ ಅಂಟಿಕೊಂಡೇ ಅವರ ರೆಸಾರ್ಟ್ ಇದೆ. ಮಧ್ಯಾಹ್ನ ಮಲಗಿ ಏಳುವ ಮಕ್ಕಳಿದ್ದರೆ ಆ ಖರ್ಚು ದಂಡವಲ್ಲ.

ಇಲ್ಲಿ ಮಗುವಿನ ಖುಷಿ ನಿಂತಿರುವುದು ನೀರಿನ ಮೇಲೆ. ಒಣ ರೈಡ್‌ಗೆ ಅಂಜುವ ಎಷ್ಟೋ ಮಕ್ಕಳು ಅಲೆಕೊಳದ ದಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ ತಾಸುಗಟ್ಟಲೆ ಕೂರುತ್ತವೆ. ಯಾಕೆಂದರೆ ಅಲ್ಲಿ ಅಡ್ಡಪಟ್ಟಿ ಇಲ್ಲ, ಬೇಡ ಅನ್ನಿಸಿದರೆ ಎದ್ದು ಬರಬಹುದು. ಹಾಗಾಗಿ ನೀರು ಇಷ್ಟಪಡುವ ಮಗುವಾದರೆ ವಂಡರ್‌ಲಾ, ಮುಖಕ್ಕೆ ನೀರು ಬಿದ್ದರೆ ಅಳುವ ಮಗುವಾದರೆ ಸದ್ಯಕ್ಕೆ ಬೇಡ. ಒಣ ರೈಡ್, ನೀರು ಎರಡೂ ತಪ್ಪಿದರೆ ಅಲ್ಲಿ ಉಳಿಯುವುದು ಬಹಳ ಕಮ್ಮಿ. ಡಿಸೆಂಬರ್, ಜನವರಿಯಲ್ಲಿ ಒದ್ದೆಯಾದ ಮಗು ಗಾಳಿಗೆ ನಡುಗುತ್ತದೆ, ಒಣ ಟವೆಲ್ ಎರಡು ಇರಲಿ. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ನೈಲಾನ್ ಥರದ ಈಜುಡುಗೆಯೇ ಆಗಬೇಕು. ಇಳಕಲ್ ಸೀರೆಯ ಅಜ್ಜಿ ದಡದಲ್ಲೇ ಕೂರಬೇಕಾಗುತ್ತದೆ, ಅದಕ್ಕೂ ಟಿಕೆಟ್ ಕೊಟ್ಟು. ಹಿರಿಯರಿಗೆ ರಿಯಾಯಿತಿ ಇದೆಯಾ ಅಂತ ಬುಕ್ ಮಾಡುವಾಗ ನೋಡಿ.

ಬೆಂಗಳೂರಿಗೆ ಹೋಗುವುದೇ ಆದರೆ ಇನ್ನೊಂದು ದಿನ ಬನ್ನೇರುಘಟ್ಟಕ್ಕೆ ಇಡಿ. ಮಂಗಳವಾರ ಬಾಗಿಲು ಹಾಕಿರುತ್ತದೆ, ಉಳಿದ ದಿನ ಸಫಾರಿ, ಚಿಟ್ಟೆ ಪಾರ್ಕ್. ವಂಡರ್‌ಲಾ ದಿನ ಕೈಕೊಟ್ಟರೂ ಇದು ಕಾಪಾಡುತ್ತದೆ.

ಇನ್ನು ರಾಮೋಜಿ. 1996ರಲ್ಲಿ ಶುರುವಾದ ಇದು ಚಿತ್ರನಗರಿ, ರೈಡ್ ಪಾರ್ಕ್ ಅಲ್ಲ. ನಮಗೆ ಬೇಕಾದದ್ದೂ ಅದೇ! ದಿನದ ಹೆಚ್ಚಿನ ಹೊತ್ತು ಬಸ್ಸಿನಲ್ಲಿ ಕೂತು ಸೆಟ್ ನೋಡುವುದು, ತೋಟ, ಹಕ್ಕಿ, ಚಿಟ್ಟೆ, ಕುಣಿತದ ಕಾರ್ಯಕ್ರಮ. ಫಂಡುಸ್ತಾನ್ ಅಂತ ಮಕ್ಕಳ ಜಾಗ ಇದೆ. ಮಗು ಒಂದು ರೈಡೂ ಹತ್ತದಿದ್ದರೂ ಸಂಜೆವರೆಗೆ ದಿನ ಸಾಗುತ್ತದೆ. ಬೋರಾಸುರ ಅನ್ನುವ ಕತ್ತಲ ಗುಹೆಯನ್ನು ಮಾತ್ರ ದಾಟಿ ಮುಂದೆ ಹೋಗಿ. ವಿಜಯಪುರದಿಂದ ಹೈದರಾಬಾದ್‌ಗೆ ಸುಮಾರು 390 ಕಿಲೋಮೀಟರ್, ಅಲ್ಲಿಂದ ವಿಜಯವಾಡ ರಸ್ತೆಯಲ್ಲಿ ಇನ್ನೂ ಮುಂದೆ. ತೊಂದರೆ ಅಂದರೆ ಬಿಸಿಲು ಮತ್ತು ನಡಿಗೆ. ಬೇಸಿಗೆ ರಜೆಯಲ್ಲಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ದಸರಾ ರಜೆಯಿಂದ ಫೆಬ್ರುವರಿ ಒಳಗಾದರೆ ಅಂಜುವ ಮಗುವಿಗೆ ದೂರದ ಮೂರರಲ್ಲಿ ಇದೇ ಮೊದಲು.

ಅಣ್ಣನಿಗೆ ಕೊಲಂಬಸ್, ತಂಗಿಗೆ ಕುದುರೆ

ನಿಜವಾದ ತಲೆನೋವು ಶುರುವಾಗುವುದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನೂ ಇದ್ದಾಗ. ಅವನಿಗೆ ಆಲಮಟ್ಟಿ ಬೋರು, ತಂಗಿಗೆ ವಂಡರ್‌ಲಾ ಅಂಜಿಕೆ. ಆಗ ದೊಡ್ಡ ಪಾರ್ಕೇ ಸರಿ, ಆದರೆ ಬೆಳಿಗ್ಗೆಯೇ ಎರಡು ಗುಂಪು ಮಾಡಿ. ಅಪ್ಪ ಮಗ ಒಂದು ಕಡೆ, ಅವ್ವ ಮಗಳು ಇನ್ನೊಂದು ಕಡೆ. ಊಟದ ಹೊತ್ತಿಗೆ ಸೇರಿ, ಆಮೇಲೆ ಅದಲು ಬದಲು. ನಾಲ್ವರೂ ಒಂದೇ ಸಾಲಿನಲ್ಲಿ ಮುಕ್ಕಾಲು ತಾಸು ನಿಂತು, ತುದಿಯಲ್ಲಿ ಚಿಕ್ಕವಳು ಅತ್ತು, ನಾಲ್ವರೂ ವಾಪಸ್ ಬರುವುದನ್ನು ಎಲ್ಲ ಪಾರ್ಕ್‌ನಲ್ಲೂ ನೋಡುತ್ತೇವೆ. ಸಾಲು ತಪ್ಪಿಸಿ ಬೇಗ ಒಳಗೆ ಬಿಡುವ ಟಿಕೆಟ್‌ಗೆ ಜಾಸ್ತಿ ದುಡ್ಡು ಹಾಕುವುದಾದರೆ ದೊಡ್ಡವನಿಗೆ ಮತ್ತು ಜೊತೆಗೆ ಹೋಗುವವರಿಗೆ ಮಾತ್ರ ಹಾಕಿ.

ಸಣ್ಣ ಮಗುವಿಗೆ ಮೊದಲು ಹೊರಗೆ ನಿಂತು ಆ ರೈಡ್ ಒಂದು ಸುತ್ತು ಪೂರ್ತಿ ತೋರಿಸಿ. ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಇಳಿದ ಮಕ್ಕಳು ನಗುತ್ತಿದ್ದಾವಾ ಅನ್ನುವುದನ್ನು ಅದು ತಾನೇ ನೋಡುತ್ತದೆ. ಆಮೇಲೆ ಒಮ್ಮೆ ಕೇಳಿ. ಒಲ್ಲೆ ಅಂದರೆ ಮುಂದಕ್ಕೆ ನಡೆಯಿರಿ. “ಐಸ್‌ಕ್ರೀಮ್ ಕೊಡಸ್ತೀನಿ, ಹತ್ತು” ಅನ್ನುವ ಲಂಚ ಬೇಡ, ಐಸ್‌ಕ್ರೀಮ್ ಹೇಗೂ ಕೊಡಿಸುವುದೇ ಅಲ್ವಾ?

ದೊಡ್ಡ ಪಾರ್ಕ್‌ಗಳಲ್ಲಿ ಹೊರಗಿನ ಊಟ ಒಳಗೆ ಬಿಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಾರಿನಲ್ಲೋ ರೂಮಿನಲ್ಲೋ ಬಿಟ್ಟು, ಹೊಟ್ಟೆ ತುಂಬ ತಿನ್ನಿಸಿಯೇ ಗೇಟಿಗೆ ಹೋಗಿ. ಶನಿವಾರ ಭಾನುವಾರ ತಪ್ಪಿಸಿದರೆ ಜನವೂ ಕಮ್ಮಿ, ಸಾಮಾನ್ಯವಾಗಿ ಟಿಕೆಟ್ ದರವೂ ಕಮ್ಮಿ. ತಾರೀಖು ಬದಲಿಸಲು ಬಿಡುತ್ತಾರಾ ಅನ್ನುವುದನ್ನು ದುಡ್ಡು ಕಟ್ಟುವ ಮುಂಚೆ ಓದಿ, ಯಾಕೆಂದರೆ ಸಣ್ಣ ಮಕ್ಕಳಿಗೆ ಜ್ವರ ಬರುವುದು ಸರಿಯಾಗಿ ಹಿಂದಿನ ರಾತ್ರಿಯೇ.